ಎಲುಬು ನೋಡುವ ಶಾಸ್ತ್ರ

ಆ ನಕ್ಷತ್ರ ವರ್ಷಗಟ್ಟಲೆ ಕಾಣಿಸುವುದಿಲ್ಲ. ಒಮ್ಮೆ ಭುಗಿಲೆದ್ದರೆ ಅದರ ಎಕ್ಸ್-ಕಿರಣಗಳಲ್ಲಿ ಊರಿನವರೆಲ್ಲರ ಎಲುಬು ತುಸು ಹೊತ್ತು ಕಾಣುತ್ತದೆ. ಹೆಣ್ಣು ನೋಡುವವರು ಆಗ ಓಡೋಡಿ ಬರುತ್ತಾರೆ.

ಈ ಸಲ ಹುಡುಗಿ ಮನೆಯ ತಾರಸಿಯಲ್ಲಿ ಕೇಸರಿಬಾತಿನ ತಟ್ಟೆ ಹಿಡಿದಿದ್ದ ಕಮಲಾಕ್ಷಮ್ಮ, "ಹುಡುಗಿ ಬೆನ್ನು ನೆಟ್ಟಗಿದೆ ಕಣೋ," ಎಂದು ಮಗ ಸುದರ್ಶನನಿಗೆ ಪಿಸುಗುಟ್ಟಿದರು.

ಹುಡುಗಿ ಭಾರ್ಗವಿಯ ಕಣ್ಣು ಆಕಾಶದಲ್ಲಿತ್ತು. ಬೆಳಕು ಒಂದೇ ಲಯದಲ್ಲಿ ಮಿಡಿದರೆ ಅದು ನ್ಯೂಟ್ರಾನ್ ನಕ್ಷತ್ರ, ಕಪ್ಪುಕುಳಿಯಲ್ಲ. ಇದನ್ನು ತಿಳಿಯಲು ಅವಳು ಖಗೋಳದ ಓದು ಮುಗಿದಾಗಿನಿಂದ ಕಾದಿದ್ದಳು. ಆದರೆ ಆ ಮಿಡಿತ ಕಾಣುವುದು ಎಲುಬಿನ ಹೊಳಪಿನಲ್ಲಿ ಮಾತ್ರ.

"ಸ್ವಲ್ಪ ಕೈ ಎತ್ತಿ ಹಿಡೀತೀರಾ?" ಎಂದು ಸುದರ್ಶನನನ್ನು ಕೇಳಿದಳು. ಅವನು ಎತ್ತಿದ. ಬೆರಳಿನ ಎಲುಬುಗಳು ಗಡಗಡ ನಡುಗುತ್ತಿದ್ದವು.

"ಅಯ್ಯೋ, ನಡುಗಬೇಡಿ! ಏನೂ ಗೊತ್ತಾಗ್ತಿಲ್ಲ." ಅವಳು ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

ಕಮಲಾಕ್ಷಮ್ಮನ ಚಮಚ ಕೆಳಗೆ ಬಿತ್ತು. "ಶಾಸ್ತ್ರದಲ್ಲಿ ನೋಡೋದಷ್ಟೇ ಕಣಮ್ಮ, ಮುಟ್ಟೋ ಹಾಗಿಲ್ಲ!"

ಕೈಯ ನಡುಕ ನಿಂತಿತು. ಎಲುಬುಗಳು ನಿಧಾನವಾಗಿ, ಒಂದೇ ಸಮನೆ ಬೆಳಗಿ ಮಂಕಾಗುತ್ತಿದ್ದವು. ಅವಳ ಬೆರಳಡಿಯಲ್ಲಿ ಅವನ ನಾಡಿ ಮಾತ್ರ ಓಡುತ್ತಿತ್ತು.

"ನ್ಯೂಟ್ರಾನ್ ನಕ್ಷತ್ರಾನೇ!" ಎಂದು ಭಾರ್ಗವಿ ಕೂಗಿದಳು. ಅಷ್ಟರಲ್ಲಿ ಬೆಳಕು ಆರಿತು.

"ನನ್ನ ವಿಷಯ?" ಎಂದ ಸುದರ್ಶನ.

"ಅದಕ್ಕೆ ಇನ್ನೊಂದು ಸಲ ನೋಡಬೇಕು."

"ನಕ್ಷತ್ರ ಮತ್ತೆ ಬರೋದು ಯಾವಾಗ?"

"ಹತ್ತು ವರ್ಷ ಆಗಬಹುದು."

"ಸರಿ, ಅಲ್ಲೀವರೆಗೂ ಕೈ ಅಲ್ಲಾಡಿಸಲ್ಲ."