ಹುಟ್ಟುವ ಮೊದಲಿನ ಸಂದರ್ಶನ

ಹುಟ್ಟಿದ ಮೇಲೆ ಶಾಲೆ ಹುಡುಕುವವರನ್ನು ಹುಬ್ಬಳ್ಳಿಯಲ್ಲಿ ಸೋಮಾರಿ ತಂದೆತಾಯಿ ಅನ್ನುತ್ತಿದ್ದರು. ಹಾಗಾಗಿ ಏಳು ತಿಂಗಳ ಬಸುರಿ ಶಶಿಕಲಾ ಗಂಡ ವೀರೇಶನ ಜೊತೆ ಸಂದರ್ಶನಕ್ಕೆ ಬಂದಿದ್ದಳು. ಹೆಡ್ ಮೇಡಂ ಅವಳ ಹೊಟ್ಟೆಗೆ ಸ್ಪೀಕರ್ ಇದ್ದ ಪಟ್ಟಿ ಕಟ್ಟಿ, "ಏಳೆಂಟ್ಲೆ ಎಷ್ಟು?" ಎಂದು ಒಳಗಿದ್ದ ಮಗುವನ್ನು ಕೇಳಿದರು.

ಸ್ವಲ್ಪ ಹೊತ್ತು ಬೆರಳು ಚೀಪುವ ಸದ್ದಷ್ಟೇ ಬಂತು. ಆಮೇಲೆ ಮಗು, "ಅವ್ವಾ, ಈಕಿ ಯಾರು?" ಎಂದಿತು.

ವೀರೇಶ ಹೆಂಡತಿಯ ಮೇಲೆ ಹರಿಹಾಯ್ದ. "ಬಾಜೂ ಮನಿ ಕೂಸು ಹೊಟ್ಟ್ಯಾಗಿದ್ದಾಗ ಇಪ್ಪತ್ತರ ಮಗ್ಗಿ ಹೇಳ್ತಿತ್ತು. ನೀ ಟಿವಿ ನೋಡ್ಕೊಂತ ಕುಂತಿ."

"ಚಿಂತಿ ಮಾಡಬ್ಯಾಡ್ರಿ, ನಾವು ತಿದ್ದತೇವಿ. ನಮ್ಮ ಮಕ್ಕಳ ಶಿಸ್ತು ನೋಡ್ರಿ," ಎಂದು ಮೇಡಂ ಕಿಟಕಿಯಾಚೆಗಿನ ಅಂಗಳ ತೋರಿಸಿದರು.

ಅಲ್ಲಿ ಮೂರು ವರ್ಷದ ಹುಡುಗಿಯೊಬ್ಬಳು ಎಡವಿ ಬಿದ್ದಳು. ಮೊಣಕಾಲಿನಿಂದ ರಕ್ತ ಇಳಿಯಿತು. ಅವಳು ಎದ್ದು ನಿಂತು ಕಿಟಕಿಯತ್ತ ತಿರುಗಿ ಕೈ ಎತ್ತಿದಳು.

"ಮೇಡಂ, ಅಳ್ಲೇನ್ರಿ?"

ಮೇಡಂ ಗಡಿಯಾರ ನೋಡಿ, "ಈಗಲ್ಲ, ಸಣ್ಣ ಬಿಡುವಿನ್ಯಾಗ," ಎಂದರು.

ಶಶಿಕಲಾ ಪಟ್ಟಿ ಬಿಚ್ಚಿ ಮೇಜಿನ ಮೇಲೆ ಬಿಸಾಡಿದಳು. "ಬಿದ್ದ ಕೂಸು ಅಳಾಕೂ ಟೈಂಟೇಬಲ್ ಹಾಕೀರಿ. ಇಂಥಾ ಶಾಣ್ಯಾತನ ನಮಗ ಬ್ಯಾಡ. ನಿಮ್ಮ ಸೀಟು ನೀವ ಇಟ್ಗೋರಿ," ಎಂದಳು. ವೀರೇಶ ತೋಳು ಹಿಡಿದು ಜಗ್ಗಿದರೂ ನಿಲ್ಲಲಿಲ್ಲ. ನೇರವಾಗಿ ಅಂಗಳಕ್ಕೆ ನಡೆದು, ಮೆಟ್ಟಿಲ ಮೇಲೆ ಕೂತು, ಹುಡುಗಿಯನ್ನು ಹತ್ತಿರ ಎಳೆದುಕೊಂಡು ಸೆರಗಿನಿಂದ ರಕ್ತ ಒರೆಸಿದಳು.

"ಈಗ ಅಳು, ನನ್ನವ್ವ. ಯಾರೂ ಏನೂ ಅನ್ನೂದಿಲ್ಲ."

ಹುಡುಗಿ ಅವಳ ಮುಖವನ್ನೇ ನೋಡುತ್ತ ಕೇಳಿದಳು: "ಎಷ್ಟೊತ್ತು ಅಳಬೇಕ್ರೀ?"