ಸಕ್ಕರೆಗುತ್ತಿಯ ವಾಟೆ

ಯಾರ ಮನೆಯಿಂದಲಾದರೂ ಸಕ್ಕರೆಗುತ್ತಿ ಮಾವಿನ ವಾಸನೆ ಬಂದರೆ ಇವತ್ತಿಗೂ ನಾನು ಬೆರಳು ಒರೆಸಿಕೊಳ್ಳುತ್ತೇನೆ.

ಆಸ್ತಿ ಪಾಲಾದ ಮರುವರ್ಷ, ಬೇಸಿಗೆಯ ಒಂದು ಮಧ್ಯಾಹ್ನ, ಅವ್ವ ನನ್ನನ್ನು ದಾವಣಗೆರೆಯಿಂದ ಸಾರಥಿ ಎಂಬ ಊರಿನ ದೊಡ್ಡಪ್ಪನ ಮನೆಗೆ ಕರೆದೊಯ್ದಿದ್ದಳು. ಹಿತ್ತಲಿನ ಸಕ್ಕರೆಗುತ್ತಿ ಮರ ಅವರ ಪಾಲಿಗೆ ಹೋಗಿತ್ತು. ನಿಂಬೆಗಿಂತ ತುಸು ದೊಡ್ಡ ಹಣ್ಣು. ನಾರಿಲ್ಲ, ತೊಟ್ಟು ಕಿತ್ತು ಚೀಪಿದರೆ ಬಾಯಿತುಂಬ ರಸ, ಕೊನೆಗೆ ಉಳಿಯುವುದು ಬರೀ ವಾಟೆ. ಸುತ್ತಲಿನ ಊರುಗಳಲ್ಲಿ ಅಂಥ ಮರ ಇನ್ನೊಂದಿರಲಿಲ್ಲ.

ದೊಡ್ಡಮ್ಮ ಹಣ್ಣಿನ ಜೊತೆ ಒಂದು ಖಾಲಿ ತಟ್ಟೆಯನ್ನೂ ತಂದಿಟ್ಟಳು.

"ವಾಟೆ ಇದ್ರಾಗ ಹಾಕ್ರಿ. ಸೆರಗಿನಾಗ ಕಟ್ಕೊಂಡು ಹೋಗಿ ನಿನ್ನ ಹಿತ್ತಲದಾಗ ನೆಡಬ್ಯಾಡ" ಎಂದು ಅವ್ವನಿಗೆ ಹೇಳಿದಳು.

ಒಂದಿಷ್ಟು ಹಣ್ಣು ತಿಂದ ಮೇಲೆ ಅವ್ವ ತಟ್ಟೆಯಲ್ಲಿದ್ದ ವಾಟೆಗಳನ್ನೆಲ್ಲ ಬಾಚಿಕೊಂಡಳು. ನಾನು ಚೀಪುತ್ತಿದ್ದುದನ್ನೂ ಕಿತ್ತುಕೊಂಡು ಎಲ್ಲವನ್ನೂ ನೀರೊಲೆಯ ಬೆಂಕಿಗೆ ಎಸೆದಳು.

"ಈಗ ಸಮಾಧಾನ ಆತೇನಕ್ಕ?"

ನಾವು ಬಸ್ಸು ಹತ್ತಿ ಕೂತಾಗ ದೊಡ್ಡಪ್ಪ ಹಣ್ಣಿನ ಬುಟ್ಟಿ ಹೊತ್ತು ಓಡಿ ಬಂದರು.

"ಅವಳ ಮಾತು ಮನಸಿಗೆ ಹಚ್ಕೋಬ್ಯಾಡಮ್ಮ. ಹುಡುಗಿಗಾದ್ರೂ ತಗೊಂಡು ಹೋಗು" ಎಂದರು.

ಅವರೆದುರು ಎಂದೂ ತಲೆಯೆತ್ತಿ ಮಾತಾಡದ ಅವ್ವ ಅವತ್ತು ಅವರ ಮುಖ ನೋಡಿಯೇ ಹೇಳಿದಳು: "ವಾಟೆ ಇಲ್ದ ಹಣ್ಣಿದ್ರ ಕೊಡ್ರಿ."

ಬಸ್ಸು ಹೊರಟಿತು. ಬೆರಳಿಗೆಲ್ಲ ರಸ ಮೆತ್ತಿಕೊಂಡಿತ್ತು. ನೆಕ್ಕಲು ಕೈ ಎತ್ತಿದೆ. ಅವ್ವ ಆ ಕೈ ಹಿಡಿದುಕೊಂಡು, ಒಂದೊಂದೇ ಬೆರಳನ್ನು ಕೆಂಪಾಗುವ ತನಕ ಸೆರಗಿನಿಂದ ತಿಕ್ಕಿದಳು.