ಬಿದ್ದ ಸಂಕ

ಟ್ರಂಕನ್ನು ಬಸ್ಸಿನ ಮೇಲೇರಿಸಿ ಹಗ್ಗ ಬಿಗಿದೂ ಆಗಿತ್ತು. ಆಗ ಪ್ರಫುಲ್ಲಾ, "ಅದನ್ನು ಇಳಿಸಿ" ಎಂದಳು.

ಮೂಡಬಿದ್ರೆಯ ಬಸ್‌ಸ್ಟ್ಯಾಂಡಿನಿಂದ ಬಂಟ್ವಾಳದ ಬಸ್ಸು ಹೊರಡುವ ಹೊತ್ತು. ಮೈಸೂರಿಗೆ ಹೋಗುವವರು ಬಂಟ್ವಾಳದಲ್ಲಿ ಬಸ್ಸು ಬದಲಿಸಬೇಕು. ಮೇಲಿದ್ದ ಕಂಡಕ್ಟರ್ ಶೀನಪ್ಪ ಹಗ್ಗ ಹಿಡಿದುಕೊಂಡೇ ಬಗ್ಗಿ ನೋಡಿದ. "ಏನು ಟೀಚರೇ, ಮೈಸೂರಿಗೆ ಹೋಗುವುದಿಲ್ಲವಾ?"

"ಇಲ್ಲ. ಮಂಗಳೂರಿನ ಬಸ್ಸಿಗೆ ಹಾಕಿ. ಸುರತ್ಕಲ್ಲಿಗೆ ಹೋಗ್ತೇನೆ."

ಟಿಕೇಟು ಹಿಡಿದು ಒಳಗೆ ಕೂತಿದ್ದ ಕಮಲಾಕ್ಷ ಇಳಿದು ಬಂದ. ಪ್ರಫುಲ್ಲಾಳ ತೀರಿಕೊಂಡ ಗಂಡನ ಅಣ್ಣ. ಬಂಟ್ವಾಳದ ಕೋರ್ಟಿನಲ್ಲಿ ಗುಮಾಸ್ತ. ಮೈಸೂರಿನಲ್ಲಿ ಅವಳಿಗೆ ಗಣಿತದ ಎಂ.ಎಸ್ಸಿ.ಗೆ ಸೀಟು ಸಿಕ್ಕಿದ ಮೇಲೆ ಹಾಸ್ಟೆಲಿಗಾಗಿ ಓಡಾಡಿದವನು ಅವನೇ. ಸುರತ್ಕಲ್ಲಿನ ಹೊಸ ಎಂಜಿನಿಯರಿಂಗ್ ಕಾಲೇಜಿನಿಂದಲೂ ಅವಳಿಗೆ ಕರೆ ಬಂದದ್ದು ಅವನಿಗೆ ಗೊತ್ತಿತ್ತು. ಆ ಮಾತು ನಿನ್ನೆಗೇ ಮುಗಿಯಿತೆಂದು ತಿಳಿದಿದ್ದ.

"ನಿನ್ನೆ ಒಪ್ಪಿದ್ದಿಯಲ್ಲ ಮಾರಾಯ್ತಿ?"

"ಒಪ್ಪಿದ್ದೆ, ಭಾವ. ಮನಸ್ಸು ನಿಲ್ಲುವುದಿಲ್ಲ."

"ಎರಡು ವರ್ಷದಿಂದ ಅದು ಎಲ್ಲಿ ನಿಂತದ್ದುಂಟು?"

ಸುಳ್ಳಲ್ಲ. ಬೆಳ್ತಂಗಡಿಯ ದಾರಿಯಲ್ಲಿ ನೀರು ಹರಿಯುವ ತೋಡೊಂದನ್ನು ದಾಟಲು ಕಟ್ಟುತ್ತಿದ್ದ ಸಂಕ ಕುಸಿದಾಗ ಓವರ್ಸಿಯರ್ ಆಗಿದ್ದ ಅವಳ ಗಂಡ ರಮಾನಾಥನೂ ಕೆಲವು ಕೂಲಿಯಾಳುಗಳೂ ಅದರ ಅಡಿಯಲ್ಲೇ ಸತ್ತಿದ್ದರು. ತಳದ ಮರದ ಆಧಾರಗಳನ್ನು ಓವರ್ಸಿಯರ್ ಅವಸರಪಟ್ಟು ತೆಗೆಸಿದ್ದೇ ಕಾರಣ ಎಂದು ವಿಚಾರಣೆಗೆ ಬಂದವರು ತೀರ್ಮಾನಿಸಿ ಹೋದರು. ಕಂಬದ ಬುಡವೇ ಸರಿ ಇರಲಿಲ್ಲ ಎಂದು ಊರಲ್ಲಿ ಕೆಲವರು ಹೇಳಿದರು. ಅಂದಿನಿಂದ ಪ್ರಫುಲ್ಲಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಾಠ ಮಾಡುತ್ತಾ ಮಾಡುತ್ತಾ ಬೋರ್ಡು ಬಿಟ್ಟು ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದಳು. ನಡೆದು ಹೋಗುವಾಗ ಎಲ್ಲಿ ಸಂಕ ಕಂಡರೂ ಕೆಳಗಿಳಿದು ಅದರ ಅಡಿಗೆ ಬಗ್ಗಿ ನೋಡುತ್ತಿದ್ದಳು. ಏನು ನೋಡಬೇಕೆಂದು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ.

"ಎಂ.ಎಸ್ಸಿ. ಮಾಡಿದರೆ ಎರಡೇ ವರ್ಷ" ಎಂದ ಕಮಲಾಕ್ಷ. "ಕಾಲೇಜಿನಲ್ಲಿ ಲೆಕ್ಚರರ್ ಆಗ್ತಿ. ಸುರತ್ಕಲ್ಲಿನಲ್ಲಿ ನಾಲ್ಕು ವರ್ಷ, ಅದೂ ಮೀಸೆ ಮೂಡದ ಹುಡುಗರ ಜೊತೆ. ಡಿಗ್ರಿ ಆದವಳು ಮತ್ತೆ ಡಿಗ್ರಿ ಮಾಡುವುದಾ? ಎಲ್ಲಿ ಕಲಿತರೂ ಗಣಿತ ಗಣಿತವೇ ಅಲ್ಲವಾ?"

"ಅಲ್ಲ, ಭಾವ. ಮೈಸೂರಿನ ಗಣಿತದ ಮೇಲೆ ಯಾರೂ ನಡೆಯುವುದಿಲ್ಲ. ನನಗೆ ಭಾರ ಹೊರುವ ಗಣಿತ ಬೇಕು."

ಡ್ರೈವರ್ ಹಾರ್ನ್ ಹೊಡೆದ. ಕಮಲಾಕ್ಷ ಅವಳನ್ನು ಬಸ್ಸಿನ ಬದಿಗೆ ಕರೆದು ದನಿ ತಗ್ಗಿಸಿದ.

"ನೀನು ಕಲಿತು ಲೆಕ್ಕ ಹಾಕ್ತಿ ಅಂತಲೇ ಇಟ್ಟುಕೊಳ್ಳುವ. ತಪ್ಪು ರಮಾನಾಥನದ್ದೇ ಅಂತ ಬಂದರೆ?"

ಅತ್ತಿತ್ತ ಹೆಜ್ಜೆ ಹಾಕುತ್ತಿದ್ದ ಪ್ರಫುಲ್ಲಾ ನಿಂತಳು. "ಬರಬಹುದು."

"ಆಗ?"

"ಆಗ ಅದನ್ನೇ ಹೇಳ್ತೇನೆ."

"ನನ್ನ ತಮ್ಮ ಅವನು! ಸತ್ತವನ ಹೆಸರನ್ನು ಕಟ್ಟಿಕೊಂಡವಳೇ ಕೆಡಿಸುವುದಾ?"

"ಹೆಸರು ಕೆಟ್ಟೇ ಉಂಟಲ್ಲ, ಭಾವ. ಅದು ಸರಿಯಾಗಿ ಕೆಟ್ಟದ್ದೋ ಸುಮ್ಮನೆ ಕೆಟ್ಟದ್ದೋ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪೇಟೆಯಲ್ಲಿ ಕಾಂತಿ ಎದುರಾಗ್ತಾಳೆ. ಅವಳ ಗಂಡನೂ ಅಲ್ಲಿಯೇ ಸತ್ತದ್ದು. ಅವಳ ಮುಂದೆ ನಾನು ತಲೆ ಎತ್ತಬೇಕಾ, ತಗ್ಗಿಸಬೇಕಾ? ನೀವೇ ಹೇಳಿ."

ಕಮಲಾಕ್ಷ ಕೈಯಲ್ಲಿದ್ದ ಟಿಕೇಟುಗಳನ್ನು ನೋಡಿದ. ಕಣ್ಣೊರೆಸಿಕೊಂಡು, "ಶೀನಪ್ಪಾ, ಟ್ರಂಕು ಇಳಿಸು ಮಾರಾಯ" ಎಂದು ಕೂಗಿದ.

ಟ್ರಂಕು ಇಳಿಯಿತು. ಒಂದೇ ಟಿಕೇಟು ಇಟ್ಟುಕೊಂಡು ಅವನು ಬಸ್ಸು ಹತ್ತಿದ. ಆಗಲೇ ಪ್ರಫುಲ್ಲಾ ತಲೆ ಎತ್ತಿದ್ದು. ತಾವು ಮಾತಾಡುತ್ತಿದ್ದ ಜಾಗಕ್ಕೆ ಸರಿಯಾಗಿ ಮೇಲಿನ ಕಿಟಕಿಯಲ್ಲಿ, ಬೀಡಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಾಂತಿ ಕೂತಿದ್ದಳು. ಎಲ್ಲವೂ ಕೇಳಿಸಿರಬೇಕು. ಈ ಎರಡು ವರ್ಷದಲ್ಲಿ ಅವಳು ಪ್ರಫುಲ್ಲಾಳ ಜೊತೆ ಒಂದು ಮಾತೂ ಆಡಿದವಳಲ್ಲ. ಎದುರಾದಾಗಲೆಲ್ಲ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದಳು.

ಬಸ್ಸು ಗುಡುಗಿ ಸ್ಟಾರ್ಟ್ ಆಯಿತು.

"ನಾಲ್ಕು ವರ್ಷ ಅಂದರಾ?" ಕಾಂತಿ ಕೇಳಿದಳು.

"ಹೌದು. ನಾಲ್ಕು."

ಬಸ್ಸು ಮುಂದಕ್ಕೆ ಸರಿದಾಗ ಕಾಂತಿ ಕಿಟಕಿಯಿಂದ ತಲೆ ಹೊರಹಾಕಿ, ಸದ್ದಿನ ಮೇಲೆ ಕೇಳುವಂತೆ ಕೂಗಿದಳು:

"ಅಪ್ಪ ಹೇಗೆ ಸತ್ತರು ಅಂತ ಕೇಳುವ ಪ್ರಾಯ ನನ್ನ ಮಗಳಿಗೆ ಇನ್ನೂ ಬರಲಿಲ್ಲ. ಅವಳು ಕೇಳುವ ಮೊದಲು ಕಲಿತು ಬನ್ನಿ, ಟೀಚರೇ!"